ಬೆಲ್ಲದ ನೀರು ಮತ್ತು ಹಲ್ಲಿನ ಎಕ್ಸ್‌ರೇ

ನನಗೆ ತುಂಬಾ ಜನರ ಧ್ವನಿ ಬರುತ್ತದೆ. ಮೂಡಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು "ದುಂಬು ಪೋಲೆ, ದುಂಬು ಪೋಲೆ" ಎಂದು ಇಲ್ಲದ ಜಾಗಕ್ಕೆ ಜನರನ್ನು ಮುಂದೆ ಕಳಿಸುವುದು. ನಮ್ಮ ಉಮ್ಮ, ಅಂದರೆ ಅಮ್ಮ, ದುಬೈಯಲ್ಲಿರುವ ಅಬ್ಬನ ಜೊತೆ ಫೋನಿನಲ್ಲಿ ಮಾತಾಡುವಾಗ ತಂತಿಯ ಮೇಲೆ ನಂಬಿಕೆಯಿಲ್ಲದೆ, ಸಮುದ್ರ ದಾಟಿ ನೇರವಾಗಿ ಕೇಳಲಿ ಎಂಬಂತೆ ಕೂಗುವುದು. ಪಕ್ಕದ ಮನೆಯ ಅಜ್ಜ ಜೋರಾಗಿ ಕೆಮ್ಮಿ, ಕೆಮ್ಮಿದ್ದು ಬೇರೆ ಯಾರೋ ಎಂಬಂತೆ ಸುತ್ತ ನೋಡುವುದು. ಎಲ್ಲವೂ ಬರುತ್ತದೆ. ಇದಕ್ಕಾಗಿ ಚಿಕ್ಕಂದಿನಲ್ಲಿ ಪೆಟ್ಟು ತಿಂದಿದ್ದೇನೆ, ದೊಡ್ಡವನಾದ ಮೇಲೆ ಮದುವೆ ಮನೆಗಳಲ್ಲಿ ಎರಡನೆಯ ಸಲ ಬಿರಿಯಾನಿ ತಿಂದಿದ್ದೇನೆ. ನನ್ನದೇ ಧ್ವನಿ ಹೇಗಿದೆ ಎಂಬುದು ಮಾತ್ರ ಬಹಳ ಕಾಲ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಬೆಳ್ತಂಗಡಿ ಕಡೆಯ ಒಂದು ಮಸೀದಿಯ ನೀರಿನ ತೊಟ್ಟಿಯ ಎದುರು, ಸುಮಾರು ಒಂದು ತಿಂಗಳು ಹಿಡಿದಿಟ್ಟ ಉಸಿರನ್ನು ನಾನು ಸರಿಯಾಗಿ ಬಿಟ್ಟ ದಿನ.

ಎರಡು ಸಾವಿರದ ಆಚೀಚಿನ ವರ್ಷಗಳು. ಮಿಜಾರಿನ ಕಡೆ ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೆ. ಓದುತ್ತಿದ್ದೆ ಎಂಬುದು ಮನೆಯವರ ಅಭಿಪ್ರಾಯ. ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ನನ್ನ ಜೊತೆಗಾರ ಚಾರ್ಮಾಡಿಯವನು, ರಬ್ಬರ್ ತೋಟದ ಮನೆಯವನು, ಮಾತು ಬಹಳ ಕಡಿಮೆ. ಬೆಳಿಗ್ಗೆಯಿಂದ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಸಂಜೆ ಹೊತ್ತಿಗೆ ಒಂದು ವಾಕ್ಯ ಹೇಳುತ್ತಿದ್ದ. ಬೇಸರದ ಸಂಗತಿಯೆಂದರೆ ಅದು ಸರಿಯಾಗಿಯೇ ಇರುತ್ತಿತ್ತು.

ನಮಗೆ ದಾರಿ ತೋರಿಸಬೇಕಾದ ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ಪ್ರಶ್ನೆಯನ್ನೂ ಅವರೇ ಕೇಳಿ ಉತ್ತರವನ್ನೂ ಅವರೇ ಹೇಳುತ್ತಿದ್ದರು: "ಅರ್ಥ ಆಯ್ತಾ? ಆಗಿಲ್ಲ." ಆಗಿಲ್ಲ ಎನ್ನುವಾಗ ಅವರ ಮುಖದಲ್ಲಿ ಒಂದು ತೃಪ್ತಿ ಇರುತ್ತಿತ್ತು. ಸಿಮೆಂಟು ಮಾಡಲು ಸುಣ್ಣಕಲ್ಲನ್ನು ದೊಡ್ಡ ಬೆಂಕಿಯಲ್ಲಿ ಸುಡಬೇಕು, ಬೆಂಕಿಯ ಹೊಗೆ ಒಂದು ಪಾಲು, ಕಲ್ಲಿನ ಹೊಟ್ಟೆಯಿಂದಲೇ ಹೊರಡುವ ಗಾಳಿ ಇನ್ನೊಂದು ಪಾಲು, ಎರಡೂ ನಮ್ಮ ತಲೆಯ ಮೇಲೆಯೇ ಉಳಿಯುತ್ತವೆ ಎಂದು ಅವರು ವಿವರಿಸಿದ್ದರು. ಆದ್ದರಿಂದ ಸಿಮೆಂಟನ್ನು ಅರ್ಧಕ್ಕೆ ಇಳಿಸಿ, ಉಳಿದ ಜಾಗಕ್ಕೆ ಸುಟ್ಟ ಜೇಡಿಮಣ್ಣಿನ ಪುಡಿ ಮತ್ತು ಸ್ವಲ್ಪ ಸುಣ್ಣ ಹಾಕಿದರೆ ಹೇಗೆ ಎಂಬುದು ನಮ್ಮ ಪ್ರಾಜೆಕ್ಟ್. ಅದನ್ನು ಅವರು ಹೊಗೆ ಕಡಿಮೆಯ ಸಿಮೆಂಟು ಎನ್ನುತ್ತಿದ್ದರು. ನಾನು ಒಪ್ಪಿದ್ದು ಭೂಮಿಯ ಮೇಲಿನ ಪ್ರೀತಿಯಿಂದಲ್ಲ. ಬಂಟ್ವಾಳದಲ್ಲಿ ಹೊಳೆ ಬದಿಯಲ್ಲಿ ಮುಚ್ಚಿದ ಹಂಚಿನ ಕಾರ್ಖಾನೆಯೊಂದಿತ್ತು, ಒಡೆದ ಹಂಚು ಗುಡ್ಡದಷ್ಟು ಬಿದ್ದಿತ್ತು. ಸೇತುವೆಯ ನಕ್ಷೆ ಬಿಡಿಸುವುದಕ್ಕಿಂತ ಹಂಚು ಕುಟ್ಟುವುದು ಸುಲಭ ಎಂದು ನನ್ನ ಲೆಕ್ಕಾಚಾರ. ಸುಣ್ಣಕ್ಕೆ ಹೊಳೆಯ ಕಪ್ಪೆಚಿಪ್ಪು, ನಮ್ಮ ಕಡೆ ಮರುವಾಯಿ ಎನ್ನುವುದನ್ನು, ಸುಟ್ಟು ಮಾಡಿದ ಚಿಪ್ಪು ಸುಣ್ಣ ಸಿಕ್ಕಿತು.

ನಾವಿಬ್ಬರೂ ಕುಟ್ಟಿ, ಜರಡಿ ಹಿಡಿದು, ಅಳೆದು, ಕಲಸಿ ಕಾಲೇಜಿನಲ್ಲಿ ಒಂದಷ್ಟು ಕ್ಯೂಬು ಎರಕ ಹೊಯ್ದೆವು. ಮರುದಿನವೇ ಗಟ್ಟಿಯಾದವು. ನನಗೆ ಅಷ್ಟು ಸಾಕಿತ್ತು. ಆ ಆದಿತ್ಯವಾರ ಊರಿಗೆ ಬಂದವನು ಮಾಮನ ಎದುರು ಕುಳಿತು, ಹೊಸ ಸಿಮೆಂಟು ಕಂಡುಹಿಡಿದವನ ಹಾಗೆ ಬಡಾಯಿ ಬಿಟ್ಟೆ.

ಮಾಮ ಎಂದರೆ ಉಮ್ಮನ ಅಣ್ಣ, ಬಂಟ್ವಾಳದ ಹಳೆಯ ಮೇಸ್ತ್ರಿ. ಅರುವತ್ತರ ಹತ್ತಿರ. ಯೌವನದಲ್ಲಿ ಬಾವಿಕಟ್ಟೆ, ತೊಟ್ಟಿ, ಕೆರೆಯ ಮೆಟ್ಟಿಲು ಎಲ್ಲವನ್ನೂ ಸುಣ್ಣದ ಗಾರೆಯಲ್ಲಿ ಕಟ್ಟಿದವರು. ಸಿಮೆಂಟಿನ ಗೋಣಿ ಬಂದ ಮೇಲೆ ಎಲ್ಲರ ಹಾಗೆ ಅವರೂ ಬದಲಾದರು, ಆದರೆ ಸಿಮೆಂಟನ್ನು ಅವರು ಎಂದೂ ಹೊಗಳಿದ್ದು ನಾನು ಕೇಳಿಲ್ಲ. ಮನೆಯಲ್ಲಿ ನಮ್ಮ ಮಾತು ಬ್ಯಾರಿ. ಮಾಮನಿಗೆ ಸಿಟ್ಟು ಬಂದರೆ ಅಥವಾ ವಿಷಯ ಗಂಭೀರವಾದರೆ ಕನ್ನಡ ಬರುತ್ತಿತ್ತು, ಶಾಲೆಯ ಹೆಡ್ ಮಾಸ್ಟರಿಂದ ಎರವಲು ತಂದ ಹಾಗೆ, ನಿಧಾನವಾಗಿ, ಗಾರೆಗೆ ಕೊಡುವ ಹಾಗೆ ಒಂದೊಂದು ಶಬ್ದಕ್ಕೂ ಕರಣೆಯಲ್ಲಿ ನಯ ಕೊಟ್ಟು. ಆವತ್ತು ನಾನು ಸುಣ್ಣ ಎಂದ ಕೂಡಲೇ ಅವರು ಕನ್ನಡಕ್ಕೆ ಬಂದರು.

"ಸುಣ್ಣ ಹಾಕ್ತೀರಾ? ಕಾಲೇಜಿನಲ್ಲಿ?"

ಹಾಕುತ್ತೇವೆ ಎಂದೆ. ಹಂಚಿನ ಪುಡಿ, ಸುಣ್ಣ, ಸಿಮೆಂಟು ಎಷ್ಟೆಷ್ಟು ಎಂದು ರೆಕಾರ್ಡ್ ಪುಸ್ತಕದ ಹಾಳೆಯೊಂದನ್ನು ಹರಿದು ಬರೆದುಕೊಟ್ಟೆ. ಕೆಳಗೆ ಮೇಷ್ಟ್ರ ಶೈಲಿಯಲ್ಲಿ ಒಂದು ಗೆರೆ ಎಳೆದು ಸಹಿಯನ್ನೂ ಹಾಕಿದೆ. ಇದರಲ್ಲಿ ತೊಟ್ಟಿ ಕಟ್ಟಿದರೆ ಒಂದು ಹನಿ ನೀರು ದಾಟುವುದಿಲ್ಲ ಎಂದೂ ಹೇಳಿದೆ. ಯಾಕೆ ಹೇಳಿದೆನೋ. ನೀರಿನ ಪರೀಕ್ಷೆ ನಾವು ಮಾಡಿರಲೇ ಇಲ್ಲ. ಮಾಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು. ಹಿರಿಯರು ಮಕ್ಕಳ ಚಿತ್ರವನ್ನು ಇಟ್ಟುಕೊಳ್ಳುವ ಹಾಗೆ ಇಟ್ಟುಕೊಂಡರು ಅಂದುಕೊಂಡೆ.

ಎರಡು ವಾರ ಬಿಟ್ಟು ಮತ್ತೆ ಮನೆಗೆ ಹೋದಾಗ ಜಗಲಿಯಲ್ಲಿ ಮಾಮ ಕುಳಿತಿದ್ದರು, ಕಾಲಿನ ಬಳಿ ಒಂದು ಡಾಲ್ಡಾ ಡಬ್ಬ. ಡಬ್ಬದ ತುಂಬ ಗಾರೆ, ನಸುಗೆಂಪು ಬಣ್ಣದ್ದು.

ನಡೆದದ್ದು ಇಷ್ಟು. ಬೆಳ್ತಂಗಡಿ ಕಡೆಯ ಒಂದು ಸಣ್ಣ ಮಸೀದಿಯಲ್ಲಿ, ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ನೀರಿನ ತೊಟ್ಟಿ ಹಳತಾಗಿ ಸೋರುತ್ತಿತ್ತು. ರಂಜಾನಿನ ಉಪವಾಸ ಶುರುವಾಗುವ ಮೊದಲು ಅದನ್ನು ಸರಿ ಮಾಡಬೇಕಿತ್ತು. ಊರಿನ ಕೆಲವರು ಅಂಗಡಿಯಿಂದ ನೀಲಿ ಟೈಲ್ಸ್ ತಂದು ಹಚ್ಚುವ ಎಂದಿದ್ದರು. ಮಾಮ ಅದು ಬೇಡ, ಒಳಗಡೆ ಎರಡು ಬೆರಳು ದಪ್ಪ ಹೊಸ ಸಾರಣೆ ಮಾಡ್ತೇನೆ, ನನ್ನ ತಂಗಿಯ ಮಗ ಇಂಜಿನಿಯರಿಂಗ್ ಓದುತ್ತಾನೆ, ಅವನ ಕಾಲೇಜಿನ ಲೆಕ್ಕ ಉಂಟು ಎಂದು ನನ್ನ ಹಾಳೆ ತೆಗೆದು ತೋರಿಸಿದ್ದರು. ಯಾರೋ ಒಬ್ಬರು ಅನುಮಾನದ ಮಾತಾಡಿದಾಗ, ಎಲ್ಲರ ಎದುರು, ಇದು ಸೋರಿದರೆ ನಾನು ಮತ್ತೆ ಕರಣೆ ಮುಟ್ಟುವುದಿಲ್ಲ ಎಂದುಬಿಟ್ಟಿದ್ದರು. ಮಾಮ ಹೀಗೆ ಹೇಳಿದರೆ ಮುಗಿಯಿತು. ಒಂದು ಸಲ ಬೀಡಿ ಮುಟ್ಟುವುದಿಲ್ಲ ಎಂದವರು, ಅಂಗಡಿಯಲ್ಲಿ ಬೀಡಿ ಕಟ್ಟು ಇರುವ ಕಡೆ ತಿರುಗಿಯೂ ನೋಡಿದವರಲ್ಲ.

ಸಾರಣೆ ಮುಗಿದು ಮೂರು ದಿನವಾಗಿತ್ತು. ಉಳಿದ ಗಾರೆಯಲ್ಲಿ ಸ್ವಲ್ಪ ಡಬ್ಬಕ್ಕೆ ತುಂಬಿಸಿ, ನಿನ್ನ ಕಾಲೇಜಿನ ಮಿಷನಿಗೆ ಕೊಟ್ಟು ನೋಡು ಎಂದು ತಂದಿದ್ದರು. ನಾನು ಹೆಬ್ಬೆರಳಲ್ಲಿ ಒತ್ತಿದೆ. ಬೆರಳಿನ ಗುರುತು ಹಾಗೆಯೇ ಉಳಿಯಿತು. ಮೂರು ದಿನದ ಗಾರೆಯಲ್ಲಿ, ಬೆಣ್ಣೆಯಲ್ಲಿ ಉಳಿದ ಹಾಗೆ.

"ಮಾಮ, ಇದಕ್ಕೆ ಎಂತ ಹಾಕಿದ್ದೀರಿ?"

"ಎಂತ ಹಾಕುವುದು, ನೀನು ಬರೆದದ್ದೇ. ಮತ್ತೆ ಬೆಲ್ಲದ ನೀರು."

"ಬೆಲ್ಲ ನಾನು ಬರೆದಿರಲಿಲ್ಲ."

"ಉಪ್ಪು ಹಾಕಿ ಅಂತ ಸಾರಿಗೆ ಬರೆಯುತ್ತಾರಾ? ಸುಣ್ಣ ಉಂಟು ಅಂದ ಮೇಲೆ ಬೆಲ್ಲ ಹಾಕದೆ ಇರ್ತಾರಾ ಮಾರಾಯ? ನಿನ್ನ ಮೇಷ್ಟ್ರಿಗೆ ಇಷ್ಟೂ ಗೊತ್ತಿಲ್ಲವಾ?"

ಅವರ ಲೆಕ್ಕದಲ್ಲಿ ಅವರು ಸರಿ. ನಮ್ಮ ಕರಾವಳಿಯಲ್ಲಿ ಸುಣ್ಣದ ಗಾರೆಗೆ ಬೆಲ್ಲದ ನೀರು ಹಾಕದ ಮೇಸ್ತ್ರಿ ಹುಟ್ಟಿರಲಿಲ್ಲ. ಆದರೆ ಇದು ಬರೀ ಸುಣ್ಣವಲ್ಲ, ಅರ್ಧ ಸಿಮೆಂಟು. ಸಕ್ಕರೆ ಬಿದ್ದರೆ ಸಿಮೆಂಟು ಗಟ್ಟಿಯಾಗುವುದೇ ಮರೆತುಬಿಡುತ್ತದೆ ಎಂದು ಮೇಷ್ಟ್ರು ಎರಡನೆಯ ವರ್ಷದಲ್ಲಿಯೇ ಹೇಳಿದ್ದರು. ಅರ್ಥ ಆಯ್ತಾ, ಆಗಿಲ್ಲ ಎಂದೂ ಹೇಳಿದ್ದರು. ಆವತ್ತು ಜಗಲಿಯಲ್ಲಿ ನನಗೆ ಅದು ಪೂರ್ತಿ ಅರ್ಥವಾಯಿತು. ನನ್ನ ಮುಖ ನೋಡಿ ಮಾಮನ ಕನ್ನಡ ನಿಂತುಹೋಯಿತು. ಏನು ಮೋನೆ, ತಪ್ಪಾಯಿತಾ ಮಗಾ ಎಂದು ಬ್ಯಾರಿಯಲ್ಲಿ ಕೇಳಿದರು, ಮೆಲ್ಲಗೆ. ಮಾಮ ನನ್ನ ಹತ್ತಿರ ಆ ಸ್ವರದಲ್ಲಿ ಮಾತಾಡಿದ್ದು ಅದೇ ಮೊದಲು. ಯಾರ ಸ್ವರ ಬೇಕಾದರೂ ತೆಗೆಯುವ ನನಗೆ ಅದನ್ನು ಇವತ್ತಿಗೂ ತೆಗೆಯಲಿಕ್ಕೆ ಆಗುವುದಿಲ್ಲ.

ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಸೋಮವಾರದ ಬಸ್ಸಿನಲ್ಲಿ ಕಾಲೇಜಿಗೆ ಹೋದೆ. ತುಪ್ಪವಾ ಎಂದು ಕಂಡಕ್ಟರು ಕೇಳಿದರು. ಹೌದು ಎಂದೆ. ಇಷ್ಟು ಭಾರದ ತುಪ್ಪ ಅವರು ನೋಡಿರಲಿಕ್ಕಿಲ್ಲ.

ಜೊತೆಗಾರ ಡಬ್ಬವನ್ನು ಮೇಷ್ಟ್ರ ಮೇಜಿನ ಮೇಲೆ ಇಟ್ಟ. ಮೇಷ್ಟ್ರು ನೋಡಿ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ತೊಟ್ಟಿಗೆ ಒದ್ದೆ ಗೋಣಿ ಹಾಕಿ ಇಡಲಿಕ್ಕೆ ಹೇಳು, ಕಾಯುವ, ಬೇರೆ ದಾರಿ ಇಲ್ಲ ಎಂದರು. ಒದ್ದೆ ಗೋಣಿ ಮಾಮ ಮೊದಲ ದಿನವೇ ಹೊದಿಸಿದ್ದರು, ಅದನ್ನು ಯಾರೂ ಹೇಳಬೇಕಿರಲಿಲ್ಲ. ನಾನು ದಿನಕ್ಕೆ ಎರಡು ಸಲ ಡಬ್ಬವನ್ನು ಒತ್ತಿ ನೋಡುತ್ತಿದ್ದೆ. ಆರನೆಯ ದಿನ ಉಗುರು ಮಾತ್ರ ಇಳಿಯಿತು. ಎಂಟನೆಯ ದಿನ ಉಗುರೂ ಇಳಿಯಲಿಲ್ಲ. ಹತ್ತನೆಯ ದಿನ ಬಡಿದರೆ ಕಲ್ಲಿನ ಸದ್ದು. ತೊಟ್ಟಿಯೂ ಗಟ್ಟಿಯಾಗಿದೆ ಎಂದು ಮಾಮ ಉಮ್ಮನ ಮೂಲಕ ಹೇಳಿಕಳಿಸಿದರು.

ಅರ್ಧ ಜೀವ ಬಂತು. ಉಳಿದರ್ಧ ಬರಲಿಲ್ಲ, ಯಾಕೆಂದರೆ ಗಟ್ಟಿಯಾದದ್ದು ಮೇಲೆ. ಒಳಗೆ ಬಿರುಕಿದೆಯಾ, ಪೊಳ್ಳು ಉಳಿದಿದೆಯಾ ಯಾರಿಗೆ ಗೊತ್ತು? ತೊಟ್ಟಿಯನ್ನು ಒಡೆದು ನೋಡುವ ಹಾಗಿಲ್ಲ. ಇರುವುದು ಒಂದೇ ಡಬ್ಬ. ಅದನ್ನು ಮಿಷನಿಗೆ ಕೊಟ್ಟು ಜಜ್ಜಿದರೆ ಎಷ್ಟು ಭಾರ ಹೊರುತ್ತದೆ ಎಂದು ತಿಳಿಯುತ್ತದೆ, ನೀರು ಎಲ್ಲಿಂದ ನುಸುಳುತ್ತದೆ ಎಂದು ತಿಳಿಯುವುದಿಲ್ಲ. ಆದದ್ದಾಗಲಿ, ನೀರು ತುಂಬಿಸಿ ನೋಡಿ ಎನ್ನಬಹುದಿತ್ತು. ಊರಿನವರೆಲ್ಲ ನೋಡುತ್ತಿರುವಾಗ ಅದು ಸೋರಿದರೆ ಮಾಮ ಅಲ್ಲಿಯೇ ಕರಣೆ ಕೆಳಗಿಡುತ್ತಿದ್ದರು. ಸೋರುತ್ತದೆ ಎಂದು ಮೊದಲೇ ಗೊತ್ತಾದರೆ ಕೆತ್ತಿ ಮತ್ತೆ ಸಾರಣೆ ಮಾಡಲು ಇನ್ನೂ ದಿನವಿತ್ತು.

ಮೇಷ್ಟ್ರು ಹೇಳಿದರು, ಹೊರದೇಶದ ದೊಡ್ಡ ಲ್ಯಾಬುಗಳಲ್ಲಿ ಸಿಮೆಂಟಿನ ತುಂಡನ್ನು ಎಕ್ಸ್‌ರೇಯ ಎದುರು ತಿರುಗಿಸಿ, ಮನುಷ್ಯರ ತಲೆಯನ್ನು ಸ್ಕ್ಯಾನ್ ಮಾಡಿದ ಹಾಗೆ, ಒಳಗಿನ ಒಂದೊಂದು ರಂಧ್ರವನ್ನೂ ನೋಡುತ್ತಾರೆ. ನಮ್ಮಲ್ಲಿ ಅದಿಲ್ಲ. ಹೀಗೆ ಹೇಳಿ, ಅಂಗಿಯ ಕಿಸೆಯಿಂದ ಬೆಂಕಿಪೊಟ್ಟಣಕ್ಕಿಂತ ಸಣ್ಣ ಒಂದು ಕಪ್ಪು ಫಿಲ್ಮ್ ತೆಗೆದು ಕಿಟಕಿಗೆ ಹಿಡಿದರು.

"ಇದು ನನ್ನ ದವಡೆ ಹಲ್ಲು. ಬಿಳಿ ಇರುವಲ್ಲಿ ಗಟ್ಟಿ, ಕಪ್ಪು ಇರುವಲ್ಲಿ ಪೊಳ್ಳು. ಪೊಳ್ಳಿನ ಅಂಚು ಎಷ್ಟು ಸಪೂರ ಕಾಣುತ್ತದೆ ನೋಡಿ. ಸಿಮೆಂಟಿನ ತೆಳು ಬಿಲ್ಲೆಯನ್ನು ಇದೇ ಫಿಲ್ಮಿಗೆ ಅಂಟಿಸಿ ಇಟ್ಟರೆ? ಅರ್ಥ ಆಯ್ತಾ?"

ಈ ಸಲ ಅವರು ಆಗಿಲ್ಲ ಎನ್ನಲಿಲ್ಲ. ಅವರಿಗೂ ಖಾತ್ರಿ ಇರಲಿಲ್ಲ. ಬಂಟ್ವಾಳದಲ್ಲಿ ತಾನು ಹೋಗುವ ಹಲ್ಲಿನ ಡಾಕ್ಟರನ್ನು ಒಂದು ದಿನ ಕೇಳಿ ನೋಡ್ತೇನೆ ಎಂದರು. ಒಂದು ದಿನ ಎಂದರೆ ಮೇಷ್ಟ್ರ ಲೆಕ್ಕದಲ್ಲಿ ಒಂದು ಸೆಮಿಸ್ಟರ್.

ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಅದೇ ಸಂಜೆ ಕಾಯಿನ್ ಬೂತಿನಿಂದ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಗಂಟಲನ್ನು ಸ್ವಲ್ಪ ಕೆಳಗಿಳಿಸಿ, ಮೂಗಿನಿಂದ ಅರ್ಧ ಗಾಳಿ ಬಿಟ್ಟು, ಮೇಷ್ಟ್ರಾದೆ. ಡಾಕ್ಟರೇ, ನಾನು, ದವಡೆ ಹಲ್ಲಿನವ ಎಂದೆ. ನನ್ನ ಇಬ್ಬರು ಹುಡುಗರು ಬರುತ್ತಾರೆ, ಎಂಟು ಹತ್ತು ಫಿಲ್ಮ್ ತೆಗೆದುಕೊಡಬೇಕು, ಹಲ್ಲಿನದ್ದಲ್ಲ, ಸಿಮೆಂಟಿನದ್ದು ಎಂದೆ. ಅರ್ಥ ಆಯ್ತಾ, ಆಗಿಲ್ಲ ಎಂದು ಮುಗಿಸಿದೆ. ಆಮೇಲೆ ಡಾಕ್ಟರು ಬಹಳ ಮರ್ಯಾದೆಯಿಂದ ಹೇಳಿದರು:

"ಅರ್ಥ ಆಯ್ತು ಸಾರ್. ಒಂದು ನಿಮಿಷ, ನೀವೇ ನಿಮ್ಮ ಹತ್ತಿರ ಮಾತಾಡಿ."

ಫೋನಿನಲ್ಲಿ ನೀರು ಹೀರುವ ನಳಿಗೆಯ ಸದ್ದು ಕೇಳಿತು. ಅದರ ಹಿಂದೆ, ಹತ್ತಿ ತುಂಬಿದ ಬಾಯಿಯಿಂದ, ನನಗೆ ಚೆನ್ನಾಗಿ ಪರಿಚಯವಿರುವ ಮೂಗಿನ ಗಾಳಿ. ಬೂತಿನಲ್ಲಿ ಫೋನ್ ಕೆಳಗಿಟ್ಟು ನಾನು ಹೋದ ವೇಗವನ್ನು, ಹೊರಗೆ ನಿಂತಿದ್ದ ಜೊತೆಗಾರ ಈಗಲೂ ನೆನಪಿಸುತ್ತಾನೆ.

ಮರುದಿನ ಕ್ಲಾಸಿನಲ್ಲಿ ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ಗಂಟೆ ಹೊಡೆದು ಎಲ್ಲರೂ ಎದ್ದ ಮೇಲೆ ನಮ್ಮಿಬ್ಬರನ್ನು ನಿಲ್ಲಿಸಿದರು. "ನಿನ್ನೆ ನಾನು ಡಾಕ್ಟರಿಗೆ ಫೋನ್ ಮಾಡಿದ್ದೆನಂತೆ, ಚೆನ್ನಾಗಿ ಮಾತಾಡಿದೆನಂತೆ" ಎಂದರು. ನಾನು ನೆಲ ನೋಡುತ್ತಿದ್ದೆ.

"ಆದಿತ್ಯವಾರ ಬೆಳಿಗ್ಗೆ ಕ್ಲಿನಿಕ್ ಖಾಲಿ ಉಂಟು, ಬರಲಿಕ್ಕೆ ಹೇಳಿದ್ದಾರೆ. ಬಿಲ್ಲೆ ತಯಾರು ಮಾಡಿ. ನಾನೂ ಬರ್ತೇನೆ. ನಾನಿಲ್ಲದ ಕಡೆ ನಾನು ತುಂಬಾ ಮಾತಾಡ್ತೇನೆ ಅಂತ ಗೊತ್ತಾಯ್ತು."

ಬಿಲ್ಲೆ ಮಾಡುವುದು ಫೋನ್ ಮಾಡಿದಷ್ಟು ಸುಲಭವಾಗಿರಲಿಲ್ಲ. ಗ್ರಾನೈಟ್ ಅಂಗಡಿಯವರು ತಮ್ಮ ಕಲ್ಲು ಕೊಯ್ಯುವ ಮಿಷನಿನಲ್ಲಿ ಡಬ್ಬದ ಗಾರೆಯನ್ನು ಬಿಸ್ಕೆಟಿನಷ್ಟು ದಪ್ಪಕ್ಕೆ ಕೊಯ್ದುಕೊಟ್ಟರು. ಮುಂದಿನದ್ದು ಕೈಕೆಲಸ. ನುಣುಪಾದ ಕಲ್ಲಿನ ಮೇಲೆ ನೀರು, ಸಪೂರ ಮರಳು ಹಾಕಿ, ಒಂದು ರೂಪಾಯಿ ನಾಣ್ಯದಷ್ಟು ತೆಳುವಾಗುವ ತನಕ ಉಜ್ಜಬೇಕು. ನಾನು ಉಜ್ಜಿದ ಮೊದಲಿನ ಮೂರು ಬಿಲ್ಲೆಯೂ ಒಡೆದವು. ನಾನು ಉಜ್ಜುವಾಗಲೂ ಮಾತಾಡುತ್ತಿದ್ದೆ, ಕೈ ಮಾತಿನ ಜೊತೆ ಹೋಗುತ್ತಿತ್ತು. ಜೊತೆಗಾರ ಬಾಯಿ ಮುಚ್ಚಿ ಉಜ್ಜಿದ, ಅವನದ್ದು ಒಂದೂ ಒಡೆಯಲಿಲ್ಲ. ಡಬ್ಬದ ಗಾರೆಯಿಂದ ಐದು ಬಿಲ್ಲೆ ಆದವು. ಹೋಲಿಸಿ ನೋಡಲಿಕ್ಕೆ ನಮ್ಮ ಕಾಲೇಜಿನ ಕ್ಯೂಬಿನಿಂದ ಮೂರು. ಅದು ಬೆಲ್ಲವಿಲ್ಲದ, ಪುಸ್ತಕದ ಪ್ರಕಾರ ಮಾಡಿದ, ಮರುದಿನವೇ ಗಟ್ಟಿಯಾದ ನಮ್ಮ ಹೆಮ್ಮೆಯ ಕ್ಯೂಬು.

ಆದಿತ್ಯವಾರ ಮಾಮನೂ ಬಂದರು. ಬೇಡ ಎಂದು ನಾನು ಹೇಳಿದ್ದೆ. ಡಬ್ಬ ನನ್ನದು ಎಂದರು. ಬಿಳಿ ಅಂಗಿ, ಬಿಳಿ ಲುಂಗಿ, ತಲೆಗೆ ಟೊಪ್ಪಿ, ಆಸ್ಪತ್ರೆಗೆ ಹತ್ತಿರದ ಸಂಬಂಧಿಕರನ್ನು ನೋಡಲು ಹೋಗುವಂತೆ. ಮೇಷ್ಟ್ರೂ ಮಾಮನೂ ಮೊದಲ ಸಲ ಎದುರಾದದ್ದು ಆ ಕ್ಲಿನಿಕ್ಕಿನ ಬೆಂಚಿನಲ್ಲಿ. ಇಬ್ಬರ ಕನ್ನಡವೂ ಒಂದಕ್ಕಿಂತ ಒಂದು ನಿಧಾನ. ಬೆಲ್ಲದ ವಿಷಯ ಇಬ್ಬರೂ ಎತ್ತಲಿಲ್ಲ.

ಡಾಕ್ಟರು ಗಂಭೀರ ಮನುಷ್ಯ. ಮೊದಲ ಬಿಲ್ಲೆಯನ್ನು ಫಿಲ್ಮಿನ ಮೇಲೆ ಇಟ್ಟು, ಎಕ್ಸ್‌ರೇಯ ಮೂತಿಯನ್ನು ಅದಕ್ಕೆ ಗುರಿಯಿಟ್ಟು, ಅಭ್ಯಾಸಬಲದಿಂದ "ಅಲುಗಾಡಬೇಡಿ" ಎಂದು ಬಿಲ್ಲೆಗೆ ಹೇಳಿದರು. ಅದು ಅಲುಗಾಡಲಿಲ್ಲ. ನಾವೆಲ್ಲ ಹೊರಗೆ ಬಂದೆವು. ಒಂದು ಸಣ್ಣ ಕುಂಯ್ ಸದ್ದು. ಆಮೇಲೆ ಅವರು ತೋಳು ತೂರಿಸುವ ಕಪ್ಪು ಪೆಟ್ಟಿಗೆಯೊಳಗೆ ಫಿಲ್ಮನ್ನು ತೊಳೆದು ಕ್ಲಿಪ್ಪಿನಲ್ಲಿ ನೇತುಹಾಕಿ ತಂದರು. ಬರೀ ಬಿಳಿ. ಏನೂ ಇಲ್ಲ. ಇದು ಹಲ್ಲಿಗಿಂತ ಗಟ್ಟಿ ಉಂಟು, ಹೊತ್ತು ಸಾಕಾಗಲಿಲ್ಲ ಎಂದು ಮತ್ತೆ ತೆಗೆದರು, ಈ ಸಲ ಕುಂಯ್ ಸದ್ದು ಉದ್ದವಾಗಿತ್ತು. ಮೂರನೆಯ ಸಲಕ್ಕೆ ಸರಿ ಬಂತು.

ಮೊದಲು ನೋಡಿದ್ದು ಕಾಲೇಜಿನ ಬಿಲ್ಲೆ. ಬೆಳಕಿನ ಪೆಟ್ಟಿಗೆಯ ಮೇಲೆ ಫಿಲ್ಮ್ ಇಟ್ಟು ಡಾಕ್ಟರ ಭೂತಗನ್ನಡಿಯಲ್ಲಿ ಬಗ್ಗಿದೆವು. ಬೂದು ಬಣ್ಣದ ನಡುವೆ ಹಂಚಿನ ಪುಡಿಯ ಕಣಗಳು ಒಂದೊಂದಾಗಿ ಕಾಣುತ್ತಿದ್ದವು, ಅದೇ ಒಂದು ಆಶ್ಚರ್ಯ. ಅದರ ನಡುವೆ ಕಪ್ಪು ಗುಂಡು ಗುಂಡು ತೂತು, ನೀರುದೋಸೆಯ ಹಾಗೆ. ಒಂದು ಮೂಲೆಯಿಂದ ಕೂದಲಿನಷ್ಟು ಸಪೂರ ಕಪ್ಪು ಗೆರೆ ಹೊರಟು, ನಡುವೆ ಎರಡಾಗಿ ಸೀಳಿತ್ತು. ಬಿರುಕು. ನಮ್ಮದರಲ್ಲಿ.

ನಮ್ಮದೇ ಹೀಗಿದ್ದರೆ ಬೆಲ್ಲ ಕುಡಿದದ್ದು ಹೇಗಿದ್ದೀತು? ಮಾಮ ಬೆಂಚಿನಿಂದ ಎದ್ದು ಬಂದು ನನ್ನ ಹಿಂದೆ ನಿಂತಿದ್ದರು. ಅವರ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

ಡಬ್ಬದ ಮೊದಲ ಬಿಲ್ಲೆಯಲ್ಲಿ ತೂತು ಕಡಿಮೆ, ಸಣ್ಣವು, ಚದರಿದವು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಇಟ್ಟಾಗ ಒಂದು ಗೆರೆ ಕಂಡಿತು. ಬಾಗಿದ ಗೆರೆ, ಬಿಲ್ಲೆಯ ಈ ಬದಿಯಿಂದ ಹೆಚ್ಚು ಕಡಿಮೆ ಆ ಬದಿಯ ತನಕ. ಮಾಮ ನನ್ನ ಹೆಗಲ ಮೇಲೆ ಕೈ ಇಟ್ಟರು, ನನಗೆ ಸಮಾಧಾನ ಹೇಳಲೋ ತಾವು ನಿಲ್ಲಲೋ ಗೊತ್ತಾಗಲಿಲ್ಲ. ಮುಗಿಯಿತು ಎಂದುಕೊಂಡೆ. ತೊಟ್ಟಿಯ ಸಾರಣೆ ಕೆತ್ತುವ ಸದ್ದು ಆಗಲೇ ನನ್ನ ಕಿವಿಯಲ್ಲಿ ಶುರುವಾಗಿತ್ತು.

ಡಾಕ್ಟರು ನನ್ನ ಕೈಯಿಂದ ಭೂತಗನ್ನಡಿ ತೆಗೆದುಕೊಂಡು ಬಗ್ಗಿದರು.

"ಹೆದರುವುದು ಯಾಕೆ? ಬಿರುಕು ಕಪ್ಪಾಗಿ ಕಾಣಬೇಕು. ಇದು ಬಿಳಿ ಉಂಟು, ಸುತ್ತಮುತ್ತ ಇದ್ದದ್ದಕ್ಕಿಂತ ಗಟ್ಟಿ. ಎಂತದೋ ಒಳಗೆ ಸಿಕ್ಕಿದೆ."

ಅವರು ಭೂತಗನ್ನಡಿಯನ್ನು ಮಾಮನಿಗೆ ಕೊಟ್ಟರು. ಮಾಮ ಹಿಡಿಯುವ ರೀತಿ ಗೊತ್ತಿಲ್ಲದೆ ಮೊದಲು ದೂರ, ಆಮೇಲೆ ಹತ್ತಿರ ಹಿಡಿದು, ತುಂಬಾ ಹೊತ್ತು ನೋಡಿದರು. ಹಿಂದೆ ಸರಿದಾಗ ಅವರ ಮುಖದ ಮೇಲೆ ಸಿಟ್ಟಿತ್ತು. ಒಳ್ಳೆಯ, ಗಟ್ಟಿಮುಟ್ಟಾದ, ಹಳೆಯ ಸಿಟ್ಟು.

"ಇದು ಮರುವಾಯಿಯ ಚಿಪ್ಪು. ಸರಿಯಾಗಿ ಸುಟ್ಟಿಲ್ಲ. ಜರಡಿ ಹಿಡಿಯುವವನಿಗೆ ಎರಡು ಸಲ ಹಿಡಿ ಅಂತ ನಾನು ಹೇಳಿದ್ದೆ."

ಮಾಮನಿಗೆ ಕನ್ನಡ ವಾಪಸು ಬಂದಿತ್ತು. ನಾನು ಬೆಂಚಿನ ಮೇಲೆ ಕುಳಿತುಬಿಟ್ಟೆ. ಆ ಮೇಲೆ ನೋಡಿದ ನಾಲ್ಕನೆಯದು, ಐದನೆಯದು ಎರಡೂ ಮೊದಲಿನವುಗಳ ಹಾಗೆಯೇ ಇದ್ದವು. ಒಂದರಲ್ಲೂ ಬಿರುಕಿರಲಿಲ್ಲ.

ಮೇಷ್ಟ್ರು ಎರಡು ಫಿಲ್ಮುಗಳನ್ನು, ನಮ್ಮದನ್ನೂ ಮಾಮನದನ್ನೂ, ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಮಾಮನನ್ನು ಪ್ರಶ್ನೆ ಕೇಳತೊಡಗಿದರು, ಉತ್ತರವನ್ನು ತಾವು ಹೇಳದೆ. ಎಷ್ಟು ಬೆಲ್ಲ, ಎಷ್ಟು ಹೊತ್ತು ಕಲಸಿದ್ದು, ಗೋಣಿ ಎಷ್ಟು ದಿನ ಒದ್ದೆ ಇತ್ತು. ಮಾಮ ಹೇಳಿದರು: ಬೆಲ್ಲ ಕೈ ಅಂದಾಜು, ಕಲಸಿದ್ದು ಬೆಳಿಗ್ಗೆಯಿಂದ ಊ‌ಟದ ಹೊತ್ತಿನ ತನಕ, ಗೋಣಿ ಇವತ್ತಿಗೂ ಒದ್ದೆ ಉಂಟು. ನಿಮ್ಮ ಕ್ಯೂಬನ್ನು ಎರಕ ಹೊಯ್ದ ಮೇಲೆ ಎಲ್ಲಿ ಇಟ್ಟಿದ್ದಿರಿ ಎಂದು ಮೇಷ್ಟ್ರು ನಮ್ಮ ಕಡೆ ತಿರುಗಿದರು. ಲ್ಯಾಬಿನ ಹೊರಗೆ ಬಿಸಿಲಲ್ಲಿ, ನೀರು ಹಾಕಲು ಮರೆತು, ಎಂದು ಜೊತೆಗಾರ ಹೇಳಿದ. ಅವನು ಸುಳ್ಳು ಹೇಳಲು ಕಲಿತಿರಲಿಲ್ಲ. ಮೇಷ್ಟ್ರು ತಲೆಯಾಡಿಸಿದರು. ನಮ್ಮದು ಅವಸರದಲ್ಲಿ ಗಟ್ಟಿಯಾಗಿ ಒಳಗೆ ಬಿರಿದಿತ್ತು. ಮಾಮನದು ಬೆಲ್ಲದಿಂದಾಗಿ ತಡಮಾಡಿ, ಒದ್ದೆ ಗೋಣಿಯ ಕೆಳಗೆ ನಿಧಾನವಾಗಿ ಕೂಡಿಕೊಂಡಿತ್ತು. ಗೋಣಿ ಇಲ್ಲದಿದ್ದರೆ ಬೆಲ್ಲವೇ ಅದನ್ನು ಕೊಲ್ಲುತ್ತಿತ್ತು ಎಂದೂ ಅವರು ಸೇರಿಸಿದರು.

ಆಗ ಜೊತೆಗಾರ ಆ ದಿನದ ತನ್ನ ವಾಕ್ಯ ಹೇಳಿದ. "ನಮ್ಮಲ್ಲಿ ರಬ್ಬರ್ ಹಾಲಿಗೆ ಆಸಿಡ್ ಜಾಸ್ತಿ ಆದ್ರೆ ಬೇಗ ಗಟ್ಟಿಯಾಗ್ತದೆ, ಶೀಟ್ ಸರಿ ಬರುವುದಿಲ್ಲ." ಇದನ್ನು ಒಂದು ತಿಂಗಳ ಹಿಂದೆ ಹೇಳಬಾರದಿತ್ತಾ ಎಂದೆ. ಕೇಳಲಿಲ್ಲವಲ್ಲ ಎಂದ.

ಮೇಷ್ಟ್ರು ಒಂದು ಎಚ್ಚರಿಕೆಯನ್ನೂ ಕೊಟ್ಟರು. ಈ ಫಿಲ್ಮಿನಲ್ಲಿ ಕಾಣದಷ್ಟು ಸಣ್ಣ ರಂಧ್ರಗಳು ಇನ್ನೂ ಇರುತ್ತವೆ, ನೀರಿಗೆ ಅವೂ ದಾರಿಯೇ, ಆದರೆ ಕೆತ್ತಿ ತೆಗೆಯುವ ಅಗತ್ಯ ನನಗೆ ಕಾಣುವುದಿಲ್ಲ, ತುಂಬಿಸಿ ನೋಡಿ. ತೊಟ್ಟಿಯ ಪಕ್ಕದಲ್ಲಿ ಒಂದು ಬಕೆಟ್ ನೀರನ್ನೂ ಇಡಿ, ಎರಡಕ್ಕೂ ಗುರುತು ಹಾಕಿ ಎಂದರು. ಬಿಸಿಲು ಎಷ್ಟು ಕುಡಿಯುತ್ತದೆ ಎಂದು ಬಕೆಟ್ ಹೇಳುತ್ತದೆ. ತೊಟ್ಟಿ ಅದಕ್ಕಿಂತ ಹೆಚ್ಚು ಇಳಿದರೆ ಮಾತ್ರ ಸೋರಿದ ಹಾಗೆ.

ಉಪವಾಸಕ್ಕೆ ಇನ್ನು ಕೆಲವೇ ದಿನ ಇರುವಾಗ ತೊಟ್ಟಿ ತುಂಬಿಸಿದರು. ಮಾಮ ಒಳಗೋಡೆಗೆ ಮಸಿಯಲ್ಲಿ ಒಂದು ಗೆರೆ ಎಳೆದು, ಬಕೆಟ್ಟಿಗೂ ಎಳೆದರು. ಮೂರು ದಿನ ಬಿಟ್ಟು ಶುಕ್ರವಾರ ಬೆಳಿಗ್ಗೆ ನಾನು ಬಸ್ಸು ಇಳಿದಾಗ ಮಸೀದಿಯ ಅಂಗಳದಲ್ಲಿ ಹತ್ತು ಹದಿನೈದು ಜನ ಆಗಲೇ ಇದ್ದರು. ಟೈಲ್ಸ್ ಬೇಕೆಂದಿದ್ದ ಒಬ್ಬರು ಎಲ್ಲರಿಗಿಂತ ಮುಂದೆ. ಮಾಮ ಹಿಂದೆ, ಕಂಬಕ್ಕೆ ಒರಗಿ. ಕರಣೆಯನ್ನು ಚೀಲದಲ್ಲಿ ತಂದಿದ್ದರು. ಸೋರಿದರೆ ಎಲ್ಲರ ಎದುರು ಕೆಳಗಿಡಲು ತಂದದ್ದೆಂದು ನನಗೆ ಗೊತ್ತಿತ್ತು.

ಟೈಲ್ಸಿನವರೇ ತೆಂಗಿನ ಕಡ್ಡಿಯಲ್ಲಿ ಅಳೆದರು. ಬಕೆಟ್ಟಿನಲ್ಲಿ ಗೆರೆಯಿಂದ ನೀರು ಎಷ್ಟು ಇಳಿದಿತ್ತೋ ಅಲ್ಲಿ ಕಡ್ಡಿಗೆ ಉಗುರಿನಿಂದ ಗುರುತು ಮಾಡಿ, ಅದೇ ಕಡ್ಡಿಯನ್ನು ತೊಟ್ಟಿಯ ಗೆರೆಗೆ ಹಿಡಿದರು. ಬಗ್ಗಿ ನೋಡಿದರು. ಇನ್ನೊಬ್ಬರನ್ನು ಕರೆದು ನೋಡಿಸಿದರು. ಆಮೇಲೆ ಗೋಡೆಯ ಹೊರಬದಿಯನ್ನು ಅಂಗೈಯಿಂದ ಸವರುತ್ತಾ ಒಂದು ಸುತ್ತು ಬಂದು, ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದರು. ಒಣ ಕೈ.

"ಬಕೆಟಿನಷ್ಟೇ. ಬಿಸಿಲು ಕುಡಿದದ್ದು," ಎಂದರು.

ನಾನು ಉಸಿರು ಬಿಟ್ಟೆ. ಎಷ್ಟು ದಿನದ ಉಸಿರೋ, ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಮಾಮ ಕಂಬ ಬಿಟ್ಟು ಮುಂದೆ ಬಂದರು. ಎಲ್ಲರೂ ಅವರು ಏನಾದರೂ ಹೇಳಲಿ ಎಂದು ಕಾಯುತ್ತಿದ್ದರು. ಅವರು ಗಂಟಲನ್ನು ಸ್ವಲ್ಪ ಮೇಲೆತ್ತಿ, ಎದೆ ಉಬ್ಬಿಸಿ, ಒಂದು ಕೈಯನ್ನು ಗಾಳಿಯಲ್ಲಿ ಬೀಸಿದರು.

"ಇದರಲ್ಲಿ ತೊಟ್ಟಿ ಕಟ್ಟಿದ್ರೆ ಉಂಟಲ್ಲ ಮಾಮ, ಒಂದು ಹನಿ, ಒಂದೇ ಒಂದು ಹನಿ ನೀರು ದಾಟುವುದಿಲ್ಲ."

ಅಂಗಳವೇ ನಕ್ಕಿತು. ಟೈಲ್ಸಿನವರು ಕಣ್ಣು ಒರೆಸಿಕೊಂಡರು. ನನಗೆ ಯಾರ ಸ್ವರವೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು: ನನ್ನದೇ. ಸ್ವಲ್ಪ ಕೀಚಲು, ಕೊನೆಯ ಶಬ್ದದ ಮೇಲೆ ಅನಾವಶ್ಯಕ ಒತ್ತು, ಕೇಳುವವರು ನಂಬಲೇಬೇಕೆಂಬ ಹಟ. ಇಷ್ಟು ವರ್ಷ ಜನ ಇದನ್ನು ಸಹಿಸಿದ್ದಾರಲ್ಲ ಎಂದು ಅವರ ಮೇಲೆ ಗೌರವ ಬಂತು. ಮಾಮನಿಗೆ ಈ ವಿದ್ಯೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ನನಗೆ ಎಲ್ಲಿಂದ ಬಂತೆಂದು ಉಮ್ಮ ಯಾವಾಗಲೂ ಕೇಳುತ್ತಿದ್ದರು.

ಆಮೇಲೆ ಮಾಮ ಚೀಲದಿಂದ ಕರಣೆ ತೆಗೆದು, ತೊಟ್ಟಿಯ ಬದಿಗೆ ಕುಳಿತು, ಮಗ್ಗಿನಲ್ಲಿ ನೀರು ಮೊಗೆದು ದೂರ ಹಿಡಿದು ಅದನ್ನು ತೊಳೆದರು. ಎರಡೂ ಬದಿ, ನಿಧಾನವಾಗಿ. ಒರೆಸಿ ಮತ್ತೆ ಚೀಲಕ್ಕೆ ಹಾಕಿಕೊಂಡರು. ಮುಂದಿನ ವಾರ ಉಜಿರೆಯಲ್ಲಿ ಒಂದು ಬಾವಿಕಟ್ಟೆಯ ಕೆಲಸ ಉಂಟು ಎಂದರು, ನನಗಲ್ಲ, ಗಾಳಿಗೆ.

ಮೂರನೆಯ ಬಿಲ್ಲೆಯ ಫಿಲ್ಮ್ ನನ್ನ ಪರ್ಸಿನಲ್ಲಿ ಈಗಲೂ ಇದೆ, ಬಾಗಿದ ಬಿಳಿ ಗೆರೆಯ ಸಮೇತ. ಪರ್ಸು ತೆಗೆದಾಗ ಯಾರಾದರೂ ನೋಡಿ, ಯಾರ ಹಲ್ಲು ಎಂದು ಕೇಳುತ್ತಾರೆ. ಮಾಮನದು, ತುಂಬಾ ಗಟ್ಟಿ ಎನ್ನುತ್ತೇನೆ.